ಗಾರಾಳ ಮೊಂಡು ಬಾಲ

"ಕೈ ತೆಗೀರಿ. ಈಗಲೇ."

ದೊಬ್ರಿಲಾ ಮೀನಿನ ಚೂರಿ ಹಿಡಿದೇ ಕೂಗಿದಳು. ಆದರೆ ತಡವಾಗಿತ್ತು. ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಎತ್ತರದ ಗಂಡಸಿನ ಮಣಿಕಟ್ಟಿನ ಮೇಲೆ ನಾಲ್ಕು ಕೆಂಪು ಗೆರೆ. ಕರಿಬೆಕ್ಕು ಗಾರಾ ಬುಟ್ಟಿಯ ಹಿಂದೆ ಮಾಯ.

"ಬಾಲ ಅಲ್ಲಾಡಿಸ್ತಾ ಇತ್ತಲ್ಲ..." ಎಂದ ಅವನು, ಮೋಸಹೋದವನಂತೆ.

"ಅಲ್ಲಾಡಿಸ್ತಾ ಇರ್ಲಿಲ್ಲ, ಬಡೀತಾ ಇತ್ತು. ಹತ್ರ ಬಂದ್ರೆ ಸಿಗೀತೀನಿ ಅಂತ. ಯಾವೂರು ನಿಮ್ದು?"

"ಮೇಲಿನ ಬೆಟ್ಟ. ನಮ್ಮಲ್ಲೆಲ್ಲ ಕುರಿ ಕಾಯೋ ನಾಯಿಗಳೇ." ಅವನು ನಾಚಿದ. "ಹೆಸರು ಮಿಲುನ್. ಈ ಪೇಟೆಗೆ ಹೊಸದಾಗಿ ಬಂದಿರೋ ಪಶುವೈದ್ಯ."

ಮೀನುಕಟ್ಟೆಯ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. "ಬೆಕ್ಕಿನ ಊರಿಗೆ ನಾಯಿ ಡಾಕ್ಟ್ರು ಬಂದ್ರು ಕಣ್ರೇ."

ಬೋಕಾ ಕೊಲ್ಲಿಯ ಆ ಹಳೇ ಪೇಟೆಯಲ್ಲಿ ಮರುದಿನದಿಂದ ಬೆಕ್ಕಿನ ಬಾಲ ಓದುವ ಪಾಠ ಶುರುವಾಯಿತು, ದೊಬ್ರಿಲಾಳೇ ಗುರು. ದಿನಾ ಬೆಳಿಗ್ಗೆ ಮಿಲುನ್ ಎರಡು ಲೋಟ ಕಪ್ಪು ಕಾಫಿ ಹಿಡಿದು ಬರುತ್ತಿದ್ದ.

"ನೆಟ್ಟಗೆ ನಿಂತು ತುದಿ ಕೊಕ್ಕೆಯಾಗಿದ್ರೆ, ಚೆನ್ನಾಗಿದೀಯಾ ಅಂತ. ಉಬ್ಬಿದ್ರೆ ಹೆದರಿದೆ. ಬಡೀತಿದ್ರೆ ದೂರ ನಿಲ್ಲು, ತಾನಾಗೇ ಬರೋವರೆಗೂ ಕಾಯಿ. ಗೋಡೆ ಮೇಲೆ ನಡೀವಾಗ ಬಾಲವೇ ಅದರ ತಕ್ಕಡಿ."

"ಮೈಗೆ ಸುತ್ತಿದ್ರೆ?"

"ಇವನು ನಮ್ಮೋನು ಅಂತ..." ಅಂದವಳು ಆಗಲೇ ಉಜ್ಜಿ ಮುಗಿಸಿದ್ದ ಮೀನನ್ನು ಮತ್ತೆ ಉಜ್ಜತೊಡಗಿದಳು.

ಕಟ್ಟೆಯ ಎದುರಿಗೆ ಹೊಸ ಹೋಟೆಲ್ ಎದ್ದಿತ್ತು. ಅದರ ಒಡೆಯನಿಗೆ ಪ್ರವಾಸಿಗರಿಗೆ ಮಾರುವ ಚಿತ್ರದ ಕಾರ್ಡಿನಲ್ಲಿ ಬೆಕ್ಕು ಬೇಕು, ಬುಟ್ಟಿ ಹೊತ್ತ ಮೀನುಗಾರ್ತಿ ಬೇಕು. ತನ್ನ ಬಾಗಿಲ ಮುಂದೆ ಬಂದರೆ ಮಾತ್ರ ಇಬ್ಬರೂ ನಾರುತ್ತಾರೆ ಎನ್ನುತ್ತಿದ್ದ. ಬೇಸಿಗೆಯೊಳಗೆ ಬೆಕ್ಕುಗಳನ್ನೆಲ್ಲ ಹಿಡಿಸಿ ಸಾಗಿಸುತ್ತೇನೆಂದು ಅವನು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದ.

ಒಂದು ಮಧ್ಯಾಹ್ನ ಗಾರಾ ಕಾಣಲಿಲ್ಲ.

"ನಿನ್ನ ಡಾಕ್ಟ್ರು ಬೋನು ಹಿಡ್ಕೊಂಡು ಹೋಟೆಲಿಂದ ಹೊರಗೆ ಬಂದ, ನೋಡ್ದೆ," ಎಂದಳು ಪಕ್ಕದ ಮೀನಿನವಳು.

ದೊಬ್ರಿಲಾ ಬುಟ್ಟಿಯ ಸಮೇತ ಅವನ ಆಸ್ಪತ್ರೆಗೆ ಓಡಿದಳು. ಮೇಜಿನ ಮೇಲೆ ಗಾರಾ ಮಂಪರಿನಲ್ಲಿ ಮಲಗಿದ್ದಳು. ಬಾಲವಿದ್ದ ಕಡೆ ಎರಡು ಬೆರಳಷ್ಟು ಮೊಂಡು, ಅದರ ತುದಿಗೆ ಹೊಲಿಗೆ.

"ದೊಬ್ರಿಲಾ, ಸ್ವಲ್ಪ ಕೇಳು..."

"ಹೋಟೆಲಿನೋನಿಗೆ ದುಡೀತಿದೀಯಾ? ಬಾಲ ಅಂದ್ರೆ ಅದರ ನಾಲಿಗೆ ಅಂತ ನಿಂಗೆ ಗೊತ್ತಿತ್ತು. ಕಲಿಸಿದ್ದೇ ನಾನು."

ಅವಳ ಬೆರಳುಗಳು ಹಿಂಡುತ್ತಿದ್ದ ಏಪ್ರನ್ನಿನ ಲಾಡಿ ಅತ್ತಿತ್ತ ಬಡಿಯುತ್ತಿತ್ತು. ಮಿಲುನ್ ಅದನ್ನೇ ನೋಡಿದ. ಬಾಯಿ ತೆರೆದವನು ಮುಚ್ಚಿದ. ಎರಡು ಹೆಜ್ಜೆ ಹಿಂದೆ ಸರಿದು, ಔಷಧದ ಸೀಸೆಯನ್ನು ಮಾತ್ರ ಅವಳ ಬುಟ್ಟಿಯೊಳಗಿಟ್ಟ.

ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದೇ ತಿಳಿದು, ಗಾರಾಳನ್ನು ಎತ್ತಿಕೊಂಡು ಹೊರಟಳು.

ಒಂಬತ್ತು ದಿನ ಅವನ ನೆರಳೂ ಕಣ್ಣಿಗೆ ಬೀಳಬಾರದೆಂದು ಮೀನಿನ ಹಲಗೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಾರಿದಳು. ಗಾರಾ ಗೋಡೆಯಿಂದ ಎರಡು ಸಲ ಬಿದ್ದಳು. ಉಳಿದ ಬೆಕ್ಕುಗಳು ಹತ್ತಿರ ಬಂದು, ಏನೂ ಅರ್ಥವಾಗದೆ ಹಿಂದೆ ಸರಿದವು. ಇನ್ನು ಇವಳ ಮನಸ್ಸು ಯಾರಿಗೆ ತಿಳಿಯಬೇಕು? ನನ್ನದಾದರೂ ಯಾರಿಗೆ...

ಹತ್ತನೆಯ ದಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ವಿದಾ ಚಿಕ್ಕಮ್ಮ ಬಂದು ನಿಂತಳು.

"ಕೆಲಸ ಬಿಟ್ಟೆ ಕಣೇ. ಅದು ಹೋಗುತ್ತೆ ಅಂತ್ಲೇ ಇಷ್ಟು ದಿನ ನಿಂಗೆ ಹೇಳಿರ್ಲಿಲ್ಲ. ಗಾರಾ ಒಳಗೆ ಬಂದಾಗ ಒಡೆಯನೇ ಬೇಕೂಂತ ಕಬ್ಬಿಣದ ಬಾಗಿಲನ್ನ ಅದರ ಮೇಲೆ ಬಡಿದು ಮುಚ್ಚಿದ. ಬಾಲದ ಮೂಳೆ ಪುಡಿಪುಡಿ. ಡಾಕ್ಟ್ರನ್ನ ಕರೆದೋಳು ನಾನು. ಕತ್ತರಿಸದೇ ಇದ್ದಿದ್ರೆ ನಂಜೇರಿ ಸಾಯ್ತಿತ್ತು. ಡಾಕ್ಟ್ರು ಅವತ್ತೇ ಒಡೆಯನ ಮೇಲೆ ಪೊಲೀಸರಿಗೆ ದೂರು ಕೊಟ್ಟ. ನಿನ್ನೆ ನಾನೂ ಹೋಗಿ ಸಾಕ್ಷಿ ಹೇಳ್ದೆ."

ದೊಬ್ರಿಲಾ ಚೂರಿಯನ್ನು ಕೆಳಗಿಟ್ಟಳು.

"ಅವನು ದಿನಾ ಬಾವಿ ಹತ್ರ ನಿಂತಿರ್ತಾನೆ. ನೀನು ತಿರುಗಿಯಾದ್ರೂ ನೋಡಿದೀಯಾ, ಹೆಣ್ಣೇ?"

ತಿರುಗಿದಳು. ಚೌಕದ ಆಚೆ, ಬಾವಿಯ ಬಳಿ, ಎರಡು ಲೋಟ ಹಿಡಿದು ಮಿಲುನ್ ನಿಂತಿದ್ದ. ಗಾರಾ ಅವಳಿಗಿಂತ ಮೊದಲೇ ನೋಡಿದ್ದಳು. ಆ ಮೊಂಡು ನೆಟ್ಟಗೆ ಎದ್ದು ನಡುಗುತ್ತಿತ್ತು. ಒಂದಿಷ್ಟು ವಾಲುತ್ತ ಚೌಕ ದಾಟಿ, ಇಲ್ಲದ ಬಾಲವನ್ನು ಅವನ ಕಾಲಿಗೆ ಸುತ್ತಲು ಹೋಗಿ, ಇಡೀ ಮೈಯನ್ನೇ ಒರಗಿಸಿದಳು.

ದೊಬ್ರಿಲಾ ಹಿಂದೆಯೇ ನಡೆದಳು.

"ಅವತ್ತು ಯಾಕೆ ಹೇಳ್ಲಿಲ್ಲ?"

"ನಿನ್ನ ಲಾಡಿ ಬಡೀತಾ ಇತ್ತು. ಬಡೀತಿದ್ರೆ ದೂರ ನಿಲ್ಲು, ಕಾಯಿ ಅಂತ ನೀನೇ ಹೇಳಿದ್ದು."

"ಅದು ಬೆಕ್ಕಿಗೆ, ಪೆದ್ದ..." ನಗು ಬಂತು, ಜೊತೆಗೇ ಕಣ್ಣೀರೂ. "ಇಡೀ ಊರಿನ ಬಾಲ ಓದ್ತೀನಿ ಅಂತ ನಂಗೆ ಜಂಬ. ನಿನ್ನ ಮುಖ ಓದೋಕಾಗ್ಲಿಲ್ಲ. ತಪ್ಪಾಯ್ತು ಮಿಲುನ್. ನಾಳೆ ಕಟ್ಟೆಯೋರೆಲ್ಲ ಠಾಣೆಗೆ ಬರ್ತೀವಿ. ಇನ್ನೊಂದು ಬೆಕ್ಕನ್ನ ಅವನು ಮುಟ್ಟಿ ನೋಡ್ಲಿ."

ಅವಳು ಲಾಡಿಯ ತುದಿ ತೆಗೆದು, ಹಳೇ ಗೀರುಗಳಿದ್ದ ಅವನ ಮಣಿಕಟ್ಟಿಗೆ ನಿಧಾನವಾಗಿ ಸುತ್ತಿದಳು.

"ಓದು."

ಅವನು ಲಾಡಿಯ ಮೇಲೆ ಬೆರಳಾಡಿಸಿದ. "ಇವನು... ನಮ್ಮೋನು ಅಂತಿದೆ."

"ಇರ್ಲಿ, ಬಾಯಿಬಿಟ್ಟೇ ಹೇಳ್ತೀನಿ. ನನಗೆ ಬಾಯಿದೆಯಲ್ಲ." ಅವಳು ತಣ್ಣಗಾದ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು. "ನೀನು ನನ್ನೋನು."