ನಿನ್ನೆಯ ದರ

ಬೆಳಿಗ್ಗೆ ಹತ್ತಕ್ಕೆ ದರರೇಖಕವೆಂಬ ಯಂತ್ರವು ದೇಶದ ಬ್ಯಾಂಕುಗಳ ಯಂತ್ರಗಳನ್ನೆಲ್ಲ ಕೇಳಿತು: "ಇನ್ನೊಂದು ಬ್ಯಾಂಕಿಗೆ ಒಂದು ರಾತ್ರಿಯ ಮಟ್ಟಿಗೆ ಸಾಲ ಕೊಡುವುದಾದರೆ ಇಂದು ಬಡ್ಡಿ ಎಷ್ಟು?" ಬಳಿಕ ಸರಾಸರಿ ತೆಗೆದು, ಗೋಡೆಯಗಲದ ಪರದೆಯ ಮೇಲೆ ನೀಲಿ ಗೆರೆಯನ್ನು ಒಂದಿಷ್ಟು ಮುಂದಕ್ಕೆಳೆಯಿತು. ಗೆರೆ ಶೇಕಡಾ ಆರೂಕಾಲರಲ್ಲೇ ಇತ್ತು. ವರ್ಷಗಳಿಂದ ಅದು ಅಲ್ಲಾಡಿರಲಿಲ್ಲ. ಇಂಥ ಸ್ಥಿರತೆ ಹಿಂದೆಂದೂ ಕಂಡಿಲ್ಲವೆಂದು ಪಂಡಿತರು ಹೊಗಳಿ ಹೊಗಳಿ ಸುಸ್ತಾಗಿದ್ದರು.

ದರರೇಖಕವನ್ನು ನಡೆಸುವ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಗಣಕಭಾಷೆಯಲ್ಲಿ ಬರೆದವರು ಮಂಗಳೂರಿನ ಡಾ. ಐರಿನ್ ಲೋಬೋ. ಗಂಡ ವಿನ್ಸೆಂಟ್ ತೀರಿಕೊಂಡ ವಾರದಲ್ಲೇ ಅದನ್ನು ಮುಗಿಸಿದ್ದರು. ಅಳು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ತಂಗಿ ಫಿಲೋಮಿನಾ ದಿನವೂ ಫೋನಿನಲ್ಲಿ "ಹೇಗಿದ್ದೀ?" ಎಂದರೆ "ನಿನ್ನೆಯ ಹಾಗೇ" ಎನ್ನುತ್ತಿದ್ದರು.

ಅಂದು ಸಣ್ಣ ಬ್ಯಾಂಕೊಂದರ ಅಧಿಕಾರಿ ಸಂಜೀವ ಶೆಣೈ ಬೆವರುತ್ತ ಐರಿನ್ ಅವರ ಪರದೆಯ ಕೋಣೆಯೊಳಗೆ ಬಂದರು.

"ಡಾಕ್ಟ್ರೇ, ನಿಮ್ಮ ಗೆರೆ ಆರೂಕಾಲು ಅಂತದೆ. ಆ ದರಕ್ಕೆ ಕೊಡುವವರು ಒಬ್ಬರೂ ಇಲ್ಲ ಮಾರಾಯ್ರೇ! ಫೋನ್ ಮಾಡಿದರೆ ಎತ್ತುವವರೇ ಇಲ್ಲ. ಸಂಜೆಯೊಳಗೆ ಸಾಲ ಸಿಗದಿದ್ದರೆ ನಾಳೆ ನಮ್ಮ ಬ್ಯಾಂಕಿನ ಬಾಗಿಲು ತೆರೆಯುವುದಿಲ್ಲ."

"ಯಂತ್ರ ತಪ್ಪುವುದಿಲ್ಲ," ಎಂದರು ಐರಿನ್.

"ಒಮ್ಮೆ ನೋಡಿಯಾದರೂ ನೋಡಿ."

ಐರಿನ್ ಕ್ರಮವಿಧಿಯನ್ನು ತೆರೆದರು. ಅದರಲ್ಲೊಂದು ಸಾಲಿತ್ತು: ಉತ್ತರ ಬಾರದಿದ್ದರೆ ನಿನ್ನೆಯ ದರವನ್ನೇ ಹಾಕು. ಯಾವುದಾದರೂ ಬ್ಯಾಂಕಿನ ಸಂಪರ್ಕ ಕಡಿದ ದಿನ ಗೆರೆ ತುಂಡಾಗದಿರಲೆಂದು ಬರೆದದ್ದು. ಈ ಕಸುಬಿನವರೆಲ್ಲ ಹಾಗೆ ಬರೆಯುವವರೇ. ಆದರೆ ದರ ಗೋಡೆಯ ಮೇಲೆಯೇ ಇರುವಾಗ ಲೆಕ್ಕ ಹಾಕುವ ತಾಪತ್ರಯ ಯಾರಿಗೆ ಬೇಕು? ಒಂದೊಂದೇ ಬ್ಯಾಂಕು ಉತ್ತರಿಸುವುದನ್ನು ಬಿಟ್ಟಿತ್ತು, ತನ್ನ ಯಂತ್ರಕ್ಕೆ ದರ ಹೇಳುವ ನೌಕರರನ್ನೂ ಮನೆಗೆ ಕಳಿಸಿತ್ತು. ಈಗ ಗೋಡೆಯ ಮೇಲಿದ್ದದ್ದು ಬರೀ ನಿನ್ನೆಯ ನಿನ್ನೆಯ ನಿನ್ನೆ.

ಐರಿನ್ ಆ ಸಾಲನ್ನು ಅಳಿಸಲು ಹೊರಟರು.

"ಅಯ್ಯೋ, ಬೇಡ!" ಶೆಣೈ ಕೈ ಅಡ್ಡ ಹಿಡಿದರು. "ಗೆರೆ ಮಾಯವಾದರೆ ಊರೆಲ್ಲ ಹೆದರ್ತದೆ. ನಮ್ಮ ಬ್ಯಾಂಕು ಈಗಲೇ ಮುಳುಗ್ತದೆ."

"ಗೆರೆ ಇದ್ದರೂ ಸಂಜೆಗೆ ಮುಳುಗುತ್ತದಲ್ಲ ಶೆಣೈಯವರೇ."

ಶೆಣೈ ಕೈ ತೆಗೆದರು. ಸಾಲು ಹೋಯಿತು. ವರ್ಷಗಳ ಗೆರೆ ಹಿಂದಕ್ಕೆ ಅಳಿಯುತ್ತ ಹೋಗಿ, ಬ್ಯಾಂಕುಗಳು ನಿಜಕ್ಕೂ ಉತ್ತರಿಸಿದ್ದ ದಿನಗಳದ್ದು ಮಾತ್ರ ಪರದೆಯ ಎಡತುದಿಯಲ್ಲಿ ಗೇಣುದ್ದ ಉಳಿಯಿತು.

ನಿಜಕ್ಕೂ ಎಲ್ಲರೂ ಹೆದರಿದರು. ಹೆದರಿದ್ದರಿಂದಲೇ ಬ್ಯಾಂಕುಗಳ ಮುಖ್ಯಸ್ಥರು ಸ್ವತಃ ಫೋನ್ ಹಿಡಿದು ಒಬ್ಬರನ್ನೊಬ್ಬರು ವಿಚಾರಿಸತೊಡಗಿದರು: ನಿಮ್ಮಲ್ಲಿ ಹೇಗಿದೆ, ನೀವೆಷ್ಟಕ್ಕೆ ಕೊಡುತ್ತೀರಿ? ಮಧ್ಯಾಹ್ನದ ಹೊತ್ತಿಗೆ ಶೆಣೈಯವರ ಜೇಬಿನಲ್ಲೂ ಫೋನ್ ಕೂಗಿತು.

"ಒಂಬತ್ತಾ? ಭಾರಿ ದುಬಾರಿ ಆಯಿತು ಸ್ವಾಮಿ... ಆಗಲಿ, ಆಗಲಿ, ಕೊಡಿ!" ಎಂದವರೇ ಕುರ್ಚಿಯಲ್ಲಿ ಕುಸಿದು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಪರದೆಯ ಬಲಬದಿಯಲ್ಲಿ, ಒಂಬತ್ತರ ಎತ್ತರಕ್ಕೆ, ಒಂದು ಚುಕ್ಕೆ ಮೂಡಿತು.

ಐರಿನ್ ಆ ಚುಕ್ಕೆಗೂ ಹಳೆಯ ಗೆರೆಗೂ ನಡುವಿನ ಖಾಲಿ ಜಾಗವನ್ನೇ ನೋಡುತ್ತ ಕುಳಿತರು. ಅಷ್ಟೂ ಕಾಲ ತಂಗಿಯ ಪ್ರಶ್ನೆಗೆ ತಾನೂ ಉತ್ತರ ಕೊಟ್ಟಿರಲಿಲ್ಲ ಎನ್ನಿಸಿತು.

ಸಂಜೆ ತಂಗಿಯ ಫೋನ್ ಬಂತು. "ಹೇಗಿದ್ದೀ?"

ಬಾಯಿಗೆ ರೂಢಿಯಾದ ಮಾತು ಬರಲಿಲ್ಲ.

"ಇವತ್ತು ಚೆನ್ನಾಗಿಲ್ಲ ಫಿಲೋಮಿನಾ," ಎಂದರು ಐರಿನ್. "ಒಮ್ಮೆ ಬಾ."