ಊದಿಕೊಂಡ ರಬ್ಬರ್

ತ್ರಾಸಿ ದಾಟಿ ಹೆಮ್ಮಾಡಿ ಸಮೀಪಿಸುತ್ತಿದ್ದಾಗ ಡ್ರೈವರ್ ಚಂದಯ್ಯನ ಎಡಗಾಲಿನಡಿ ಕ್ಲಚ್ ಪೆಡಲ್ ಸದ್ದಿಲ್ಲದೆ ನೆಲ ಕಚ್ಚಿತು. ಮೇಲೆ ಬರಲೇ ಇಲ್ಲ. ಅಡ್ಡ ಬಂದ ಎತ್ತಿನಗಾಡಿಗೆ ಬ್ರೇಕ್ ಹಾಕಿದ್ದೇ ತಡ, ಇಂಜಿನ್ ಆರಿ ಕಾರು ನಿಂತಿತು.

ಹಿಂದಿನ ಸೀಟಿನಲ್ಲಿ ಗಂಗೊಳ್ಳಿಯ ಗುಲಾಬಿ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಅವಳ ಕೈ ಹಿಡಿದು ಕೂತಿದ್ದವರು ಕಾರಿನ ಒಡತಿ, ಕುಂದಾಪುರದ ಡಾಕ್ಟರ್ ಸ್ವರ್ಣಲತಾ.

"ಎಂತ ಆಯ್ತ್, ಚಂದಯ್ಯ?"

"ಕ್ಲಚ್ ಹೋಯ್ತ್ ಅಮ್ಮ. ಪುನಃ!"

ಒಂದೇ ವರ್ಷದಲ್ಲಿ ಮೂರನೇ ಸಲ! ಚಂದಯ್ಯ ಕ್ಲಚ್ಚಿಲ್ಲದೆ, ಕಾರು ಗೇರಿನಲ್ಲಿದ್ದಂತೆಯೇ ಸೆಲ್ಫ್ ಸ್ಟಾರ್ಟರ್ ಹೊಡೆದ. ಹಳೆಯ ಕಾರು ಜಗ್ಗಿ, ಕುಪ್ಪಳಿಸಿ, ಹೊರಟಿತು. ಆಸ್ಪತ್ರೆಯ ಬಾಗಿಲವರೆಗೆ ಎಲ್ಲೂ ನಿಲ್ಲಿಸಲಿಲ್ಲ. ಗುಲಾಬಿಗೆ ಗಂಡುಮಗು ಹುಟ್ಟಿತು.

ಮರುದಿನ ಗ್ಯಾರೇಜಿನಲ್ಲಿ ಉಮಾನಾಥ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಕ್ಲಚ್ಚಿನ ಸಿಲಿಂಡರ್ ಬಿಚ್ಚಿ, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ವಾಷರ್ ಹೊರಗೆಳೆದ. ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದ ಅವನಿಗೆ ಊರಲ್ಲಿ ಒಳ್ಳೆಯ ಹೆಸರು.

"ಹೇಳಿದ್ದೆ ಅಲ್ದಾ, ಡಾಕ್ಟ್ರಮ್ಮ? ಚಂದಯ್ಯಣ್ಣ ಪೆಡಲ್ ಮೇಲ್ ಕಾಲ್ ಇಟ್ಕಂಡೇ ಕಾರ್ ಬಿಡುದ್. ರಬ್ಬರ್ ಸವೀದೇ ಇರತ್ತಾ?"

"ನಾನ್ ಹಾಂಗ್ ಬಿಡುದೇ ಇಲ್ಲೆ!" ಎಂದ ಚಂದಯ್ಯ. ಟ್ಯಾಕ್ಸಿ ಸ್ಟ್ಯಾಂಡಿನವರು ಆಗಲೇ ನಗತೊಡಗಿದ್ದರು. ಈ ಮಾತು ನಿಂತುಬಿಟ್ಟರೆ ಇನ್ನು ತನ್ನ ಕೈಗೆ ಸ್ಟೇರಿಂಗ್ ಕೊಡುವವರು ಯಾರು?

ಡಾಕ್ಟರು ಇಬ್ಬರ ಮುಖವನ್ನೂ ನೋಡಲಿಲ್ಲ. ಕಪ್ಪು ಮಸಿ ಹಿಡಿದ ಹಳೆಯ ರಬ್ಬರ್ ವಾಷರನ್ನು ಅಂಗೈ ಮೇಲಿಟ್ಟುಕೊಂಡರು. ಪಕ್ಕದಲ್ಲಿ ಹೊಸದೊಂದನ್ನು ಇಟ್ಟರು.

"ಸವೆದದ್ದಾದ್ರೆ ಸಣ್ಣ ಆಯ್ಕ್ ಅಲ್ದಾ, ಉಮಾನಾಥ? ಇದ್ ಹೊಸದ್ಕಿಂತ ದಪ್ಪ ಇತ್ತಲೆ?"

ಉಮಾನಾಥ ಬಗ್ಗಿ ನೋಡಿದ.

"ಬ್ರೇಕಿಗೂ ಇಂಥದ್ದೇ ರಬ್ಬರ್ ಅಲ್ದಾ?"

"ಹೌದ್."

"ಅದ್ ಒಂದ್ ಸಲವೂ ಹಾಳಾಯ್ಲಿಲ್ಲೆ. ಎಂತಕೆ? ಅದಕ್ಕೆ ಎಣ್ಣೆ ಹಾಕುದ್ ಯಾರ್?"

"ನಾನೇ ಅಮ್ಮ," ಎಂದ ಚಂದಯ್ಯ. "ಮಂಗ್ಳೂರಿಂದ ತಂದ ಸೀಲ್ ಡಬ್ಬಿ."

"ಕ್ಲಚ್ಚಿಗೆ?"

ಉಮಾನಾಥ ಹೇಳಿದ: "ನಾನ್. ಗ್ಯಾರೇಜಿನ ಡಬ್ಬಿದ್."

ಎರಡೂ ಡಬ್ಬಿಗಳಿಂದ ಡಾಕ್ಟರು ಎರಡು ಔಷಧದ ಸೀಸೆಗೆ ಎಣ್ಣೆ ಹಾಕಿಸಿಕೊಂಡರು. ಒಂದೊಂದರಲ್ಲಿ ಒಂದೊಂದು ಹೊಸ ವಾಷರ್ ಮುಳುಗಿಸಿ ಬಿರಡೆ ಬಿಗಿದರು. ಕೆಲವು ದಿನ ಕಳೆದ ಮೇಲೆ ಇಬ್ಬರನ್ನೂ ಆಸ್ಪತ್ರೆಗೆ ಕರೆಸಿದರು.

ಮೇಜಿನ ಮೇಲೆ ಎರಡು ವಾಷರ್. ಮಂಗಳೂರಿನ ಎಣ್ಣೆಯದ್ದು ಹಾಕಿದ ಹಾಗೇ ಇತ್ತು. ಗ್ಯಾರೇಜಿನ ಎಣ್ಣೆಯದ್ದು ಊದಿ, ಮೆತ್ತಗಾಗಿ, ಬೆರಳಿಗೆ ಅಂಟುತ್ತಿತ್ತು.

"ಒಂದೇ ಕಾರ್, ಒಬ್ರೇ ಡ್ರೈವರ್, ಒಂದೇ ಜಾತಿ ರಬ್ಬರ್. ಬೇರೆ ಇದ್ದದ್ ಎಣ್ಣೆ ಮಾತ್ರ. ಸವೆತಕ್ಕೆ ರಬ್ಬರ್ ಊದುದಿಲ್ಲೆ. ಒಗ್ಗದ್ದನ್ನ ಕುಡಿದ್ರೆ ಊದತ್ತ್. ಊದಿದ್ ಮೆತ್ತಗಾಯ್ತ್, ಎಣ್ಣೆ ತಡೀಲಿಲ್ಲೆ, ಪೆಡಲ್ ಕೂತ್ಕಂಡ್ತ್. ಕ್ಲಚ್ ಕೆಡ್ಸಿದ್ದ್ ಚಂದಯ್ಯ ಅಲ್ಲ. ನೀನ್, ಉಮಾನಾಥ."

ಉಮಾನಾಥ ತಲೆ ತಗ್ಗಿಸಿದ. ಕ್ಲಚ್ಚಿಗೂ ಹಾಕಬೇಕಾದ ಬ್ರೇಕ್ ಎಣ್ಣೆ ಮುಗಿದಾಗ ಅದೇ ಡಬ್ಬಿಗೆ ಇಂಜಿನ್ ಎಣ್ಣೆ ತುಂಬಿದ್ದ. "ಎಣ್ಣೆ ಅಂದ್ರೆ ಎಣ್ಣೆ ಅಂದ್ಕಂಡಿದ್ದೆ. ಎರಡ್ನೇ ಸಲ ಬಿಚ್ಚಿದಾಗ ಅನುಮಾನ ಬಂತ್. ಹೇಳಿದ್ರೆ ಹೆಸ್ರ್ ಹೋತ್ ಅಂದೇಳಿ..."

"ನಿನ್ ಹೆಸ್ರ್ ಉಳ್ಸುಕೆ ಅವ್ರ್ ಹೆಸ್ರ್ ಕಳೀತಿದ್ಯಾ?"

ಡಾಕ್ಟರು ಆಸ್ಪತ್ರೆಯಿಂದಲೇ ಸ್ಪಿರಿಟ್ ಕೊಟ್ಟರು. ಉಮಾನಾಥ ಕೊಳವೆಯನ್ನೆಲ್ಲ ತೊಳೆದು, ರಬ್ಬರ್ ಅಷ್ಟನ್ನೂ ಬದಲಿಸಿ, ಸರಿಯಾದ ಎಣ್ಣೆ ತುಂಬಿದ. ಅಂದೇ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ಎಲ್ಲರೆದುರು, ತಪ್ಪು ತನ್ನದೆಂದು ಹೇಳಿ ಬಂದ.

ಮುಂದಿನ ವಾರ ಬೈಂದೂರಿನಿಂದ ಕರೆ ಬಂತು. ದಾರಿಯಲ್ಲಿ ಚಂದಯ್ಯ ತಡೆಯಲಾರದೆ ಕೇಳಿದ:

"ಅಮ್ಮ, ನಿಮ್ಗೆ ನನ್ ಮೇಲ್ ಅನುಮಾನವೇ ಬರ್ಲಿಲ್ಯಾ?"

"ಬಂದದ್ ಹೌದ್. ಎರಡ್ನೇ ಸಲ ರಿಪೇರಿ ಆದ್ಮೇಲ್ ಬ್ರಹ್ಮಾವರಕ್ಕೆ ಹೋಪತಿಗೆ ನಾನ್ ಮುಂದಿನ್ ಸೀಟಲ್ ಕೂಕಂಡದ್ ಎಂತಕೆ ಅಂದ್ಕಂಡ್ರಿ? ಹೋಪತಿಗೂ ಬಪ್ಪತಿಗೂ ನಿಮ್ಮ್ ಕಾಲನ್ನೇ ಕಾಣ್ತಿದ್ದೆ. ಗೇರ್ ಬದಲ್ಸುವಾಗ ಬಿಟ್ರೆ ಅದ್ ಪೆಡಲ್ ಮುಟ್ಲೇ ಇಲ್ಲೆ."

ಚಂದಯ್ಯನಿಗೆ ಬೇಸರವಾಗಲಿಲ್ಲ. ಸುಮ್ಮನೆ ನಂಬಿದವರು ಯಾರೋ ಏನೋ ಹೇಳಿದರೆಂದು ನಾಳೆ ಸುಮ್ಮನೆ ಕೈಬಿಡಲೂಬಹುದು. ಈ ಹೆಂಗಸು ಕಣ್ಣಾರೆ ಕಂಡು ನಂಬಿದವರು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಗೇರ್ ಬದಲಿಸಿದ.