ವಿನೆಟ್ ಆಂಟಿಗೆ ಭಾನುವಾರದ ಊಟ

ಬ್ರಿಕ್ಸ್‌ಟನ್ ಮಾರ್ಕೆಟ್ಟಿನಲ್ಲಿ ಓರ್ಲೀನ್ ಒಂದು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು.

"ಏನಂತೆ ಅದು?" ಪಕ್ಕದಲ್ಲಿ ಗಂಡುದನಿ ಕೇಳಿತು.

"ಪಕ್ಕದವರ ಹತ್ತಿರ ಮಾತಾಡಬೇಡ ಅಂತಿದೆ."

ಅವನು ನಕ್ಕ. ಬಸ್ ಡ್ರೈವರ್ ಸಮವಸ್ತ್ರ, ಕೈಯಲ್ಲೊಂದು ಕಾಯಿ. "ಜಮೈಕಾದವರು ತಾನೆ? ಬಾಯಲ್ಲೇ ಗೊತ್ತಾಯ್ತು."

"ನೀವು ಟ್ರಿನಿಡಾಡ್. ಕೇಳದಿದ್ರೂ ಮಾತಾಡ್ತೀರಲ್ಲ."

ಮನೆಗೆ ಬಂದು ಚೀಲ ಬಿಚ್ಚಿದಾಗ ಓರ್ಲೀನ್‌ಗೆ ತಿಳಿಯಿತು, ಅವನು ನೀರು ತುಂಬಿದ ತನ್ನ ಕಾಯಿಯನ್ನು ಅವಳ ಚೀಲಕ್ಕೆ ಹಾಕಿ, ಅವಳ ಒಣಕಲು ಕಾಯಿಯನ್ನು ತಾನು ಒಯ್ದಿದ್ದ.

ಅವನ ಹೆಸರು ಕೆಸ್ಟರ್. ಆಮೇಲಿನ ಶನಿವಾರಗಳೆಲ್ಲ ಆ ಬೀದಿಗಳಲ್ಲೇ ಕಳೆದವು. ಅವನು ಕಡಲೆ ತುಂಬಿದ ಮೆತ್ತನೆಯ ಡಬಲ್ಸ್ ರೊಟ್ಟಿ ತಿನ್ನಿಸಿದ. ಅವಳು ಉಪ್ಪುಮೀನು ಬೆರೆಸಿದ ಆಕಿ ಹಣ್ಣಿನ ಪಲ್ಯ ತಿನ್ನಿಸಿದಳು.

"ಸಕ್ಕರೆ ಸುಟ್ಟು ಕೋಳಿ ಬೇಯಿಸೋ ಸಣ್ಣ ದ್ವೀಪದವರಿಗೆ ರುಚಿ ಏನು ಗೊತ್ತು?" ಎಂದು ಅವಳು ಕೆಣಕುವಳು.

"ಅನ್ನಕ್ಕೆ ನಾಲ್ಕು ಕಾಳು ಹಾಕಿ ಇಷ್ಟು ಜಂಬ ಪಡೋರನ್ನ ನಾನು ನೋಡಿಲ್ಲ," ಅನ್ನುವನು ಅವನು. ಅನ್ನುತ್ತಲೇ ಅವಳ ಗಲ್ಲಕ್ಕೆ ಅಂಟಿದ ಚಟ್ನಿ ನೋಡಿ ಕಣ್ಣಲ್ಲೇ ನಗುವನು. ಒರೆಸಲು ಕೈ ಎತ್ತುವನು, ಮತ್ತೆ ಸುಮ್ಮನೆ ಕಾಗದದ ಕರವಸ್ತ್ರ ಮುಂದೆ ಹಿಡಿಯುವನು.

ಶರತ್ಕಾಲದಲ್ಲಿ ಅವನು ಮದುವೆಯ ಮಾತೆತ್ತಿದ.

"ವಿನೆಟ್ ಆಂಟಿ ಹ್ಞೂಂ ಅನ್ನಬೇಕು ಕೆಸ್ಟರ್. ಅಮ್ಮ ಹೋದ ಮೇಲೆ ನನ್ನ ಸಾಕಿದ್ದು ಅವಳೇ. ಅವಳ ಮನಸ್ಸು ನೋಯಿಸಿ ನಾನು ಬರಲಾರೆ."

ಆಂಟಿಯ ಷರತ್ತು ಫೋನಿನಲ್ಲೇ ಬಂತು. "ನಮ್ಮ ಭಾನುವಾರದ ಅನ್ನ ಮಾಡಲಿ, ಕೆಂಪು ಕಾಳು, ತೆಂಗಿನ ಹಾಲು ಹಾಕಿ. ಮೆಣಸಿನಕಾಯಿ ಇಡಿಯಾಗಿ ಹಾಕಲಿ, ಇಡಿಯಾಗಿ ತೆಗೀಲಿ. ಒಂದು ಮೆಣಸಿನಕಾಯಿ ಜೋಪಾನ ಮಾಡಲಾರದವನು ನನ್ನ ಹುಡುಗೀನ ಏನು ಮಾಡ್ತಾನೆ?"

ಆ ಭಾನುವಾರ ಓರ್ಲೀನ್‌ಳ ಅಡುಗೆಮನೆಯಲ್ಲಿ ಕೆಸ್ಟರ್ ಉಸಿರು ಬಿಗಿಹಿಡಿದು ಬೇಯಿಸಿದ. ಹಳದಿ ಸ್ಕಾಚ್ ಬಾನೆಟ್ ಮೆಣಸಿನಕಾಯಿಯನ್ನು ಅನ್ನದ ಮೇಲೆ ಮಗುವನ್ನು ಮಲಗಿಸಿದಂತೆ ಇಟ್ಟ. ಅದರ ಪರಿಮಳ ಮಾತ್ರ ಅನ್ನಕ್ಕೆ ಇಳಿಯಬೇಕು, ಖಾರ ಒಳಗೇ ಉಳಿಯಬೇಕು.

"ಮುಟ್ಟಬೇಡ," ಎಂದು ಹೇಳಿ, ಮಂಡಿನೋವಿನ ಆಂಟಿಯನ್ನು ಕೈಹಿಡಿದು ಕರೆತರಲು ಬಸ್ ಸ್ಟಾಪಿಗೆ ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೇ ತಳ ಹಿಡಿದ ವಾಸನೆ ಬಂತು. ಓರ್ಲೀನ್ ಗಾಬರಿಯಲ್ಲಿ ಸೌಟು ಹಾಕಿ ತಿರುವಿಬಿಟ್ಟಳು. ಮೆಣಸಿನಕಾಯಿ ಪಟ್ಟೆಂದು ಒಡೆದು ಬೀಜವೆಲ್ಲ ಅನ್ನದೊಳಗೆ ಸೇರಿಹೋಯಿತು.

ಬಾಗಿಲು ತೆರೆಯಿತು. ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಕೆಸ್ಟರ್ ಅಡುಗೆಮನೆಗೆ ಬಂದ. ಸೌಟಿಗೆ ಅಂಟಿದ ಹಳದಿ ಸಿಪ್ಪೆ ನೋಡಿದ. ಅವಳ ಮುಖ ನೋಡಿದ. ಸೌಟು ತೊಳೆದಿಟ್ಟ.

ಆಂಟಿ ಮೊದಲ ತುತ್ತಿಗೇ ತಿನ್ನುವುದನ್ನು ನಿಲ್ಲಿಸಿದಳು. ಕಣ್ಣಲ್ಲಿ ನೀರು.

"ಯಾರು ತಿರುವಿದ್ದು?"

"ನಾನೇ ಆಂಟಿ," ಎಂದ ಕೆಸ್ಟರ್. "ಆತುರ ಬಿದ್ದೆ. ಕ್ಷಮಿಸಿ."

"ಸರಿ ಹಾಗಾದ್ರೆ," ಎಂದು ಆಂಟಿ ಕೈಚೀಲ ಎತ್ತಿಕೊಂಡಳು. "ಇಲ್ಲಿ ನನಗೇನು ಕೆಲಸ?"

ಓರ್ಲೀನ್ ಎದ್ದು ನಿಂತಳು. "ಅವನಲ್ಲ ಆಂಟಿ. ನಾನು. ಮುಟ್ಟಬೇಡ ಅಂತ ಹೇಳೇ ಹೋಗಿದ್ದ. ಅವನನ್ನ ಬೇಡ ಅನ್ನಬೇಡ. ನನಗೆ ಅವನು ಬೇಕು."

ಇಷ್ಟು ದಿನ ಅವಳು ಕೆಸ್ಟರನಿಗೂ ಹೀಗೆ ಹೇಳಿರಲಿಲ್ಲ. ಅವನು ತಟ್ಟೆ ನೋಡುತ್ತ ಕೂತಿದ್ದ. ಕಿವಿಯವರೆಗೂ ನಗು ಹರಡಿತ್ತು.

ಆಂಟಿ ಇಬ್ಬರನ್ನೂ ನೋಡಿದಳು. ಆಮೇಲೆ ಚರ್ಚಿನ ಹ್ಯಾಟಿನ ಪಿನ್ನು ನಿಧಾನವಾಗಿ ಬಿಚ್ಚಿ, ಹ್ಯಾಟನ್ನು ಪಕ್ಕದ ಕುರ್ಚಿಯ ಮೇಲಿಟ್ಟಳು.

"ನಿನಗೋಸ್ಕರ ಅವನು ಸುಳ್ಳು ಹೇಳಿದ. ಅವನಿಗೋಸ್ಕರ ನೀನು ನಿಜ ಹೇಳಿದೆ. ಇನ್ನು ನಾನೇನು ಹೇಳಲಿ? ನೀರು ಕೊಡೋ ಹುಡುಗ. ಚೊಂಬು ತುಂಬಾ ಕೊಡು."

ಪಾತ್ರೆ ತೊಳೆಯುವಾಗ ಓರ್ಲೀನ್ ಅವನ ಕೆನ್ನೆ ನೋಡಿದಳು. "ಅಳ್ತಿದ್ದೀಯಾ?"

"ಮೆಣಸಿನಕಾಯಿ."

"ಸುಳ್ಳು ಹೇಳೋಕೆ ನಿನಗೆ ಬರೋದೇ ಇಲ್ಲ," ಎಂದು ಅವಳು ಒದ್ದೆ ಕೈಯಲ್ಲೇ ಅವನ ಕಣ್ಣೊರೆಸಿದಳು.